ತೋಟಗಾರ ಕೇಳಿಕೊಂಡ ಒಂದು ವರ್ಷ

(ಓದಿರಿ: ಲೂಕ 13:6-9)



ಪ್ರಭು ಯೇಸು ಹೇಳಿದ ಸಾಮತಿಗಳಲ್ಲಿ ಬಿತ್ತನೆ, ಕಳೆ, ಕೊಯ್ಲು, ಕಣಜ ಇವೆಲ್ಲ ಮತ್ತೆ ಮತ್ತೆ ಬರುತ್ತವೆ. ಗೊಬ್ಬರ ಹಾಕುವ ಮಾತು ಬರುವುದು ಮಾತ್ರ ಒಂದೇ ಸಾಮತಿಯಲ್ಲಿ. ಮೂರು ವರ್ಷಗಳಿಗೊಮ್ಮೆ, ತಪಸ್ಸುಕಾಲದ ಮೂರನೆಯ ಭಾನುವಾರ, ನಾವು ಅದನ್ನು ಬಲಿಪೂಜೆಯಲ್ಲಿ ಕೇಳುತ್ತೇವೆ. ದ್ರಾಕ್ಷಿ ತೋಟದಲ್ಲಿ ಒಂದು ಅಂಜೂರದ ಮರ. ಯಜಮಾನ ಮೂರು ವರ್ಷ ಬಂದು ನೋಡುತ್ತಾನೆ, ಒಂದು ಹಣ್ಣೂ ಇಲ್ಲ. ನೆಲಕ್ಕೆ ಭಾರವಾದ ಈ ಮರವನ್ನು ಕಡಿದುಹಾಕಲು ಹೇಳುತ್ತಾನೆ. ತೋಟಗಾರ ಕೈಮುಗಿದು ಒಂದು ವರ್ಷದ ಗಡುವು ಕೇಳುತ್ತಾನೆ. ಆ ವರ್ಷದಲ್ಲಿ ತಾನು ಎರಡು ಕೆಲಸ ಮಾಡುವುದಾಗಿ ಮಾತು ಕೊಡುತ್ತಾನೆ: ಬುಡದ ಸುತ್ತ ಅಗೆಯುವುದು, ಗೊಬ್ಬರ ಹಾಕುವುದು.

ಈ ವಾಕ್ಯದ ಮೇಲೆ ಪ್ರಬೋಧನೆ ಮಾಡುವಾಗ ನಾವು ಗುರುಗಳು ಸಾಮಾನ್ಯವಾಗಿ ಮರದ ಬಗ್ಗೆ ಮಾತನಾಡುತ್ತೇವೆ, ಕೊಡಲಿಯ ಬಗ್ಗೆ ಎಚ್ಚರಿಸುತ್ತೇವೆ, ಪಶ್ಚಾತ್ತಾಪಕ್ಕೆ ಕರೆ ಕೊಡುತ್ತೇವೆ. ಅದು ಸರಿಯೇ. ಆದರೆ ತೋಟಗಾರನ ಕೈ ಎಲ್ಲಿಗೆ ಹೋಗುತ್ತದೆಂದು ಗಮನಿಸಿದ್ದೀರಾ? ಅವನು ಮರವನ್ನು ಬೈಯುವುದಿಲ್ಲ, ರೆಂಬೆಗಳನ್ನು ಸವರುವುದಿಲ್ಲ. ನೇರವಾಗಿ ಮಣ್ಣಿಗೆ ಕೈ ಹಾಕುತ್ತಾನೆ. ಮರ ಫಲ ಕೊಡಬೇಕಾದರೆ ಮೊದಲು ಮಣ್ಣು ಜೀವಂತವಾಗಬೇಕು ಎಂಬುದು ಅವನಿಗೆ ಗೊತ್ತು. ಇಂದು ಸಾವಯವ ಕೃಷಿ ಎಂದು ನಾವು ಕರೆಯುವುದರ ಮೊದಲ ಪಾಠವೂ ಇದೇ.

ಮಣ್ಣು ಮತ್ತು ಮನುಷ್ಯ

ಪವಿತ್ರ ಗ್ರಂಥದ ಎರಡನೆಯ ಅಧ್ಯಾಯದಲ್ಲೇ ದೇವರು ಮಣ್ಣನ್ನು ಕೈಗೆ ತೆಗೆದುಕೊಳ್ಳುತ್ತಾರೆ (ಆದಿಕಾಂಡ 2:7). ಹೀಬ್ರೂ ಭಾಷೆಯಲ್ಲಿ ಮಣ್ಣಿಗೆ ಅದಾಮಾ ಎಂದು ಹೆಸರು. ಅದರಿಂದ ರೂಪುಗೊಂಡವನೇ ಆದಾಮ. ಲತೀನ್ ಭಾಷೆಯಲ್ಲೂ ಹೂಮುಸ್ ಎಂದರೆ ನೆಲ, ಹೋಮೋ ಎಂದರೆ ಮನುಷ್ಯ, ಹುಮಿಲಿತಾಸ್ ಎಂದರೆ ದೀನತೆ. ಮೂರೂ ಒಂದೇ ಬೇರಿನ ಮಾತುಗಳು. ಕೊಳೆತು ಕಪ್ಪಾಗಿ ಮಣ್ಣಿನೊಡನೆ ಬೆರೆತ ಸಾವಯವ ಅಂಶವನ್ನು ವಿಜ್ಞಾನಿಗಳು ಇಂದಿಗೂ ಹ್ಯೂಮಸ್ ಎಂದೇ ಕರೆಯುತ್ತಾರೆ. ದೀನತೆ ಎಂದರೆ ತಾನು ಯಾವ ಮಣ್ಣಿನಿಂದ ಬಂದೆನೆಂಬುದನ್ನು ಮರೆಯದಿರುವುದು.

ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿಟ್ಟು ಎರಡು ಹೊಣೆಗಳನ್ನು ಒಪ್ಪಿಸಿದರು: ಕೃಷಿ ಮಾಡುವುದು ಮತ್ತು ಕಾಯುವುದು (ಆದಿಕಾಂಡ 2:15). ಅಲ್ಲಿ ಬಳಸಿರುವ ಎರಡು ಹೀಬ್ರೂ ಕ್ರಿಯಾಪದಗಳೇ ಸಂಖ್ಯಾಕಾಂಡದಲ್ಲಿ ದೇವದರ್ಶನದ ಗುಡಾರದಲ್ಲಿ ಲೇವಿಯರು ಮಾಡುವ ಸೇವೆಗೂ ಬರುತ್ತವೆ (3:7-8). ಹೊಲದ ಕೆಲಸಕ್ಕೂ ಗುಡಾರದ ಸೇವೆಗೂ ಪವಿತ್ರ ಗ್ರಂಥ ಒಂದೇ ಮಾತನ್ನು ಇಟ್ಟಿದೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಬರೆದ ಮಠದ ನಿಯಮವೂ ಇದೇ ದಾರಿಯಲ್ಲಿ ನಡೆದು, ಮಠದ ಸಲಕರಣೆಗಳನ್ನೆಲ್ಲ ಬಲಿಪೀಠದ ಪಾತ್ರೆಗಳಷ್ಟೇ ಗೌರವದಿಂದ ಕಾಣಬೇಕೆಂದು ಉಗ್ರಾಣಿಗೆ ಆಜ್ಞಾಪಿಸುತ್ತದೆ. ಹಾಗಾದರೆ ಗುದ್ದಲಿಗೂ ಗೊಬ್ಬರದ ಬುಟ್ಟಿಗೂ ಒಂದು ಪಾವಿತ್ರ್ಯವಿದೆ.

ಯಾಜಕಕಾಂಡದ 25ನೆಯ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಏಳನೆಯ ವರ್ಷ ಭೂಮಿಗೂ ಸಬ್ಬತ್ ವಿಶ್ರಾಂತಿ ಕೊಡಬೇಕು. ಏಕೆಂದರೆ ಭೂಮಿ ದೇವರದು, ನಾವು ಅದರಲ್ಲಿ ಬಂದುಹೋಗುವ ಅತಿಥಿಗಳು. ನಮ್ಮ ಪಹಣಿಯಲ್ಲಿ ನಮ್ಮ ಹೆಸರಿರಬಹುದು. ಕೊನೆಯ ಕಾಲಮ್ಮಿನಲ್ಲಿ ಇರುವ ಹೆಸರು ಬೇರೆಯೇ.

ರೈತರ ಮುಂದೆ ಕುಳಿತ ವಿಜ್ಞಾನಿ

ಈ ಹಳೆಯ ಅರಿವು ನಡುವೆ ಮಸುಕಾದದ್ದು ಹೇಗೆ? 1840ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ ಗಿಡಗಳಿಗೆ ಬೇಕಾದ ಖನಿಜಾಂಶಗಳ ಕುರಿತು ಪುಸ್ತಕ ಪ್ರಕಟಿಸಿದರು. 1909ರಲ್ಲಿ ಫ್ರಿಟ್ಸ್ ಹಾಬರ್ ಗಾಳಿಯಲ್ಲಿರುವ ಸಾರಜನಕದಿಂದ ಅಮೋನಿಯಾ ತಯಾರಿಸಿ ತೋರಿಸಿದರು. 1913ರಲ್ಲಿ ಕಾರ್ಲ್ ಬಾಷ್ ಅವರ ಮುಂದಾಳತ್ವದಲ್ಲಿ ಅದಕ್ಕೆ ಜರ್ಮನಿಯ ಓಪಾವಿನಲ್ಲಿ ಕಾರ್ಖಾನೆಯೇ ಆರಂಭವಾಯಿತು. ನಮ್ಮ ಹಳ್ಳಿಗಳಲ್ಲಿ ಸರ್ಕಾರಿ ಗೊಬ್ಬರ ಎನ್ನುವ ಯೂರಿಯಾದ ಮೂಲ ಇದು. ಇದನ್ನು ಸೈತಾನನ ಕೆಲಸವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇಂದು ಜಗತ್ತಿನ ಸುಮಾರು ಅರ್ಧದಷ್ಟು ಜನರ ಅನ್ನ ಈ ಸಾರಜನಕದ ಆಸರೆಯಿಂದ ಬೆಳೆಯುತ್ತಿದೆ ಎಂಬುದು ತಜ್ಞರ ಲೆಕ್ಕ. ಆದರೆ ಗಿಡಕ್ಕೆ ಉಣಿಸುವುದನ್ನು ಕಲಿತ ನಾವು ಮಣ್ಣಿಗೆ ಉಣಿಸುವುದನ್ನು ಮರೆತೆವು. ತಪ್ಪು ಆರಂಭವಾದದ್ದು ಅಲ್ಲಿ.

ಈ ಮರೆವಿನ ವಿರುದ್ಧ ಎದ್ದ ದನಿಗಳಲ್ಲಿ ಮುಖ್ಯವಾದುದು ನಮ್ಮ ದೇಶದ ನೆಲದಿಂದಲೇ ಬಂತು. ಆಲ್ಬರ್ಟ್ ಹೋವರ್ಡ್ ಇಂಗ್ಲೆಂಡಿನ ರೈತ ಮನೆತನದವರು. 1905ರಲ್ಲಿ ಬ್ರಿಟಿಷ್ ಸರ್ಕಾರದ ಸಸ್ಯವಿಜ್ಞಾನಿಯಾಗಿ ಬಿಹಾರದ ಪೂಸಾಕ್ಕೆ ಬಂದರು. ನಮ್ಮ ರೈತರಿಗೆ ಕಲಿಸಲು ಬಂದವರು ಅವರಿಂದ ಕಲಿಯತೊಡಗಿದರು. ಸುತ್ತಲಿನ ರೈತರು ಯಾವ ವಿಷವನ್ನೂ ಬಳಸದೆ ಆರೋಗ್ಯವಾದ ಬೆಳೆ ತೆಗೆಯುತ್ತಿದ್ದುದನ್ನು ಕಂಡ ಅವರು ರೈತರನ್ನೂ ಕೀಟಗಳನ್ನೂ ತಮ್ಮ ಗುರುಗಳೆಂದು ಬರೆದುಕೊಂಡರು. ಕೀಟ ಬಂದರೆ ಅದು ಶತ್ರು ಎನ್ನುವ ಮೊದಲು, ಮಣ್ಣಿನಲ್ಲಿ ಏನು ಕೊರತೆಯಾಗಿದೆ ಎಂದು ಅದು ಹೇಳುತ್ತಿದೆಯೋ ಕೇಳು ಎಂಬುದು ಅವರ ವಿಚಾರ.

1924ರಲ್ಲಿ ಹೋವರ್ಡ್ ಮತ್ತು ಅವರ ಪತ್ನಿ, ಸ್ವತಃ ಸಸ್ಯವಿಜ್ಞಾನಿಯಾಗಿದ್ದ ಗೇಬ್ರಿಯೆಲ್, ಇಂದೋರಿಗೆ ಹೋಗಿ ಅಲ್ಲಿನ ಹೊಸ ಸಂಶೋಧನಾ ಸಂಸ್ಥೆಯಲ್ಲಿ ಕಾಂಪೋಸ್ಟ್ ಗೊಬ್ಬರದ ಕ್ರಮವನ್ನು ರೂಪಿಸಿದರು. ಅದಕ್ಕೆ ಇಂದೋರ್ ಪದ್ಧತಿ ಎಂದೇ ಹೆಸರಾಯಿತು. ಗೇಬ್ರಿಯೆಲ್ 1930ರಲ್ಲಿ ತೀರಿಕೊಂಡರು. ಮರುವರ್ಷ ಹೋವರ್ಡ್ ತಮ್ಮ ಸಹೋದ್ಯೋಗಿ ಯಶವಂತ ವಾಡ್ ಅವರೊಡನೆ ಈ ಪದ್ಧತಿಯ ಪುಸ್ತಕ ಹೊರತಂದರು. 1940ರಲ್ಲಿ ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ ತಮ್ಮ ಪುಸ್ತಕವೊಂದರಲ್ಲಿ ಹೊಲವನ್ನು ಒಂದು ಜೀವಂತ ಶರೀರದಂತೆ ಕಂಡು, ಇಂಥ ಬೇಸಾಯಕ್ಕೆ ಆರ್ಗ್ಯಾನಿಕ್ ಎಂಬ ಹೆಸರಿಟ್ಟರು. ಒಂದೇ ಶರೀರ, ಹಲವು ಅಂಗಗಳು. ಒಂದು ಅಂಗ ನೊಂದರೆ ಎಲ್ಲವೂ ನೋಯುತ್ತವೆ. ಸಂತ ಪೌಲರು ಧರ್ಮಸಭೆಯ ಬಗ್ಗೆ ಹೇಳಿದ್ದನ್ನು (1 ಕೊರಿಂಥ 12) ಹೊಲದ ಬಗ್ಗೆಯೂ ಹೇಳಬಹುದು.

ನಮ್ಮ ಅಜ್ಜಂದಿರಿಗೆ ಈ ಹೆಸರುಗಳು ಬೇಕಿರಲಿಲ್ಲ. ಕರಾವಳಿಯ ರೈತ ಕುಮ್ಕಿ ಜಾಗದಿಂದ ಸೊಪ್ಪು ತಂದು ಹಟ್ಟಿಗೆ ಹಾಸುತ್ತಿದ್ದ. ಮಲೆನಾಡಿನ ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟವಿತ್ತು. ಬಯಲುಸೀಮೆಯಲ್ಲಿ ಹೊಂಗೆ ಸೊಪ್ಪು, ಕುರಿಮಂದೆ ಮತ್ತು ಮನೆಗೊಂದು ತಿಪ್ಪೆ. ದೀಪಾವಳಿಯಲ್ಲಿ ತಿಪ್ಪೆಗೂ ದೀಪವಿಡುವ ನಮ್ಮ ನೆರೆಯ ಹಿಂದೂ ಬಾಂಧವರನ್ನು ಇಂದಿಗೂ ಹಳ್ಳಿಗಳಲ್ಲಿ ಕಾಣಬಹುದು. ನಾವು ಸೃಷ್ಟಿಯನ್ನು ಪೂಜಿಸುವುದಿಲ್ಲ, ಸೃಷ್ಟಿಕರ್ತರನ್ನು ಪೂಜಿಸುತ್ತೇವೆ. ಆದರೆ ಆ ದೀಪದ ಹಿಂದಿರುವ ಕೃತಜ್ಞತೆಯನ್ನು ನಾವೂ ಕಲಿಯಬಹುದು.

ತಿಪ್ಪೆಗುಂಡಿಯ ಧ್ಯಾನ

ಇಂದೋರ್ ಪದ್ಧತಿಯಲ್ಲಿ ಒಣ ಎಲೆ, ಹುಲ್ಲು, ಕಳೆ, ಸಗಣಿ, ಗಂಜಲ ಇಂಗಿದ ಮಣ್ಣು, ಸ್ವಲ್ಪ ಬೂದಿ ಇವನ್ನು ಪದರ ಪದರವಾಗಿ ಹಾಕಿ ನೀರು ಚಿಮುಕಿಸುತ್ತಾರೆ. ಕೆಲವೇ ದಿನಗಳಲ್ಲಿ ರಾಶಿ ಒಳಗಿಂದ ಬಿಸಿಯಾಗುತ್ತದೆ. ಉಷ್ಣ 60 ಡಿಗ್ರಿ ದಾಟಬಹುದು. ಕಳೆಯ ಬೀಜಗಳೂ ಅನೇಕ ರೋಗಾಣುಗಳೂ ಆ ಬಿಸಿಯಲ್ಲಿ ಸಾಯುತ್ತವೆ. ಮೂರು ಸಲ ಮಗುಚಿ ಗಾಳಿಯಾಡಿಸಿದರೆ ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ನಮ್ಮ ಬೆಂಗಳೂರಿನ ಹೆಸರಿನದೂ ಒಂದು ಪದ್ಧತಿಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಸಿ. ಎನ್. ಆಚಾರ್ಯ ಅವರು 1939ರ ಹೊತ್ತಿಗೆ ರೂಪಿಸಿದ ಈ ಕ್ರಮದಲ್ಲಿ ಗುಂಡಿ ತುಂಬಿ ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುತ್ತಾರೆ. ಮಗುಚುವ ಕೆಲಸವಿಲ್ಲ. ಆರರಿಂದ ಎಂಟು ತಿಂಗಳು ಕಾಯಬೇಕು, ಅಷ್ಟೆ.

ದೇವರು ನಮ್ಮ ಬದುಕಿನಲ್ಲೂ ಈ ಎರಡು ಕ್ರಮಗಳನ್ನು ಬಳಸುತ್ತಾರೆ ಎನ್ನಿಸುವುದಿಲ್ಲವೇ? ಕೆಲವರನ್ನು ಕಾಯಿಲೆ, ನಷ್ಟ, ಅಗಲಿಕೆ ಎಂದು ಮತ್ತೆ ಮತ್ತೆ ಮಗುಚಿ ಹಾಕಿ ಬೇಗ ಪಕ್ವಗೊಳಿಸುತ್ತಾರೆ. ಕೆಲವರ ಬದುಕು ಮುಚ್ಚಿದ ಗುಂಡಿಯಂತೆ. ಹೊರಗೆ ಏನೂ ಕಾಣುವುದಿಲ್ಲ, ಪ್ರಾರ್ಥನೆಗೆ ಉತ್ತರವೇ ಇಲ್ಲವೆನಿಸುತ್ತದೆ. ಒಳಗೆ ಕೆಲಸ ನಡೆದಿರುತ್ತದೆ. ಗೋಧಿಯ ಕಾಳು ನೆಲಕ್ಕೆ ಬಿದ್ದು ಸಾಯುವ ಮಾತನ್ನು ಪ್ರಭು ಹೇಳಿದ್ದು (ಯೊವಾನ್ನ 12:24) ಇಂಥ ಮುಚ್ಚಿದ ದಿನಗಳಲ್ಲಿ ಇರುವವರಿಗಾಗಿಯೇ.

ಇನ್ನೊಂದು ಮಾತು. ತಿಪ್ಪೆಗೆ ಎಲ್ಲವನ್ನೂ ಹಾಕುವಂತಿಲ್ಲ. ಬಾಳೆಸಿಪ್ಪೆ ಕೊಳೆಯುತ್ತದೆ, ಪ್ಲಾಸ್ಟಿಕ್ಕು ಕೊಳೆಯುವುದಿಲ್ಲ. ಒಡೆದ ಗಾಜು ಹತ್ತು ವರ್ಷದ ನಂತರವೂ ಕೈ ಕೊಯ್ಯುತ್ತದೆ. ಆದ್ದರಿಂದ ಮೊದಲು ವಿಂಗಡಿಸಬೇಕು. ಆತ್ಮಶೋಧನೆ ಎಂದರೆ ಇದೇ ಅಲ್ಲವೇ? ನಮ್ಮ ಸೋಲು, ಅವಮಾನ, ಬಿದ್ದು ಎದ್ದ ನೆನಪು ಇವನ್ನು ದೇವರ ಕೈಗೆ ಕೊಟ್ಟರೆ ಗೊಬ್ಬರವಾಗುತ್ತವೆ. ಮೂರು ಸಲ ಪ್ರಭುವನ್ನು ಅಲ್ಲಗಳೆದ ಪೇತ್ರರ ಕಣ್ಣೀರಿನಿಂದಲೇ ದೇವರು ಧರ್ಮಸಭೆಯ ಕುರುಬನನ್ನು ಬೆಳೆಸಿದರು. ಆದರೆ ಬಿಡಲೊಲ್ಲದ ದ್ವೇಷ, ಮರಳಿಸದ ಕದ್ದ ಹಣ, ಇವು ಗಾಜಿನ ಚೂರುಗಳು. ಎಷ್ಟು ವರ್ಷ ಮುಚ್ಚಿಟ್ಟರೂ ಕೊಳೆಯುವುದಿಲ್ಲ. ಅವನ್ನು ಪಾಪನಿವೇದನೆಯಲ್ಲಿ ಆರಿಸಿ ಹೊರಹಾಕಲೇಬೇಕು.

ಮಾರುವ ಸಾಲು, ಉಣ್ಣುವ ಸಾಲು

ಈಗ ಒಂದು ಕಠಿಣವಾದ ಪ್ರಶ್ನೆ. ನಮ್ಮ ಆಡುಮಾತಿನಲ್ಲಿ ಬೆಳೆಗೆ ವಿಷ ಸಿಂಪಡಿಸುವುದನ್ನು ಔಷಧಿ ಹೊಡೆಯುವುದು ಎನ್ನುತ್ತೇವೆ. ಡಬ್ಬಿಯ ಮೇಲೆ ಕೆಂಪು ತ್ರಿಕೋನವಿದ್ದರೂ ನಮ್ಮ ಬಾಯಲ್ಲಿ ಅದು ಔಷಧಿಯೇ. ಹೆಸರು ಬದಲಾದರೆ ಮನಸ್ಸಾಕ್ಷಿ ಸುಲಭವಾಗಿ ನಿದ್ದೆ ಹೋಗುತ್ತದೆ. ಎಷ್ಟೋ ಹೊಲಗಳಲ್ಲಿ ಮಾರುವುದಕ್ಕೆ ಹತ್ತು ಸಾಲು ಬದನೆ, ಮನೆಗೆ ಒಂದು ಸಾಲು. ಮಾರುವ ಸಾಲಿಗೆ ಔಷಧಿ ಬೀಳುತ್ತದೆ. ಮನೆಯ ಸಾಲಿಗೆ ಬೀಳುವುದಿಲ್ಲ. ಸಿಂಪಡಿಸಿದ ಮೇಲೆ ಇಷ್ಟು ದಿನ ಕೊಯ್ಯಬಾರದೆಂದು ಚೀಟಿಯಲ್ಲಿ ಬರೆದಿದ್ದರೂ ಮಾರನೆಯ ಬೆಳಿಗ್ಗೆ ಕಾಯಿ ಸಂತೆಗೆ ಹೊರಡುತ್ತದೆ. ಇದು ಪಾಪವೇ, ಸ್ವಾಮಿ? ಎಂದು ಕೇಳುವವರಿದ್ದಾರೆ.

ಆ ಒಂದು ಸಾಲೇ ಉತ್ತರ ಹೇಳುತ್ತಿದೆ. ನನ್ನ ಮಗುವಿನ ತಟ್ಟೆಗೆ ಬೇಡವಾದದ್ದು ಇನ್ನೊಬ್ಬರ ಮಗುವಿನ ತಟ್ಟೆಗೆ ಆಗಬಹುದೆಂದು ನಾನು ಅರಿತು ತೀರ್ಮಾನಿಸಿದರೆ, ಇತರರು ನಮಗೆ ಏನು ಮಾಡಬೇಕೆಂದು ಬಯಸುತ್ತೇವೋ ಅದನ್ನೇ ನಾವು ಅವರಿಗೆ ಮಾಡಬೇಕೆಂಬ ಪ್ರಭುವಿನ ಕಟ್ಟಳೆ (ಮತ್ತಾಯ 7:12) ಅಲ್ಲಿ ಮುರಿಯಿತು. ಕೊಲ್ಲಬೇಡ ಎಂಬ ಐದನೆಯ ಕಟ್ಟಳೆ ಕತ್ತಿ ಹಿಡಿದವನಿಗೆ ಮಾತ್ರ ಕೊಟ್ಟದ್ದಲ್ಲ.

ಇದು ಬರಿಯ ಹೆದರಿಕೆಯ ಮಾತಲ್ಲ. ಕಾಂಪೋಸ್ಟ್ ಪದ್ಧತಿ ಹುಟ್ಟಿದ ಇಂದೋರಿನಿಂದ ಇನ್ನೂರು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ ಭೋಪಾಲವಿದೆ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ಸೋರಿದ ಅನಿಲ ಕೀಟನಾಶಕ ತಯಾರಿಸುವ ಕಾರ್ಖಾನೆಯದು. ಸಾವಿರಾರು ಜನ ಸತ್ತರು, ಲಕ್ಷಾಂತರ ಜನ ನೊಂದರು. ಇನ್ನೂ ಹತ್ತಿರಕ್ಕೆ ಬಂದರೆ, ಕಾಸರಗೋಡಿನಲ್ಲೂ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯಲ್ಲೂ ಗೇರು ತೋಪುಗಳ ಮೇಲೆ 2000ದ ಸುಮಾರಿನವರೆಗೆ ಆಕಾಶದಿಂದ ಎಂಡೋಸಲ್ಫಾನ್ ಸುರಿಯಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದರ ತಯಾರಿಕೆ, ಮಾರಾಟಗಳನ್ನು ನಿಷೇಧಿಸಿತು. ಹಾಸಿಗೆ ಬಿಟ್ಟೇಳಲಾರದ ಮಕ್ಕಳನ್ನು ಸಾಕುತ್ತಿರುವ ಆ ಊರುಗಳ ತಾಯಂದಿರಿಗೆ ಔಷಧಿ ಎಂಬ ಪದವನ್ನು ನಾವು ಹೇಗೆ ವಿವರಿಸಬಲ್ಲೆವು?

ಆದರೆ ನೀತಿಶಾಸ್ತ್ರ ಇನ್ನೊಂದು ಮಾತನ್ನೂ ಹೇಳುತ್ತದೆ. ಪಾಪದ ಭಾರವನ್ನು ಅಳೆಯುವಾಗ ಅರಿವು ಎಷ್ಟಿತ್ತು, ಸ್ವಾತಂತ್ರ್ಯ ಎಷ್ಟಿತ್ತು ಎಂದು ನೋಡಬೇಕು. ಗುತ್ತಿಗೆ ಜಮೀನಿನಲ್ಲಿ ಬಡ್ಡಿ ಸಾಲ ಹೊತ್ತು, ಒಂದು ಬೆಳೆ ಹೋದರೆ ಮಗಳ ಕಾಲೇಜು ನಿಲ್ಲುವ ರೈತನ ಸ್ವಾತಂತ್ರ್ಯ ಎಷ್ಟು? ಸಾಲ ಕೊಟ್ಟವನೇ ಔಷಧಿಯನ್ನೂ ಮಾರುವಾಗ ಅವನ ಆಯ್ಕೆ ಎಷ್ಟು? ಮತ್ತೆ, ಹುಳು ಕಚ್ಚಿದ ಒಂದು ಚುಕ್ಕೆ ಕಂಡರೆ ಬದನೆಯನ್ನು ಪಕ್ಕಕ್ಕೆಸೆದು ಮಿನುಗುವುದನ್ನೇ ಆರಿಸಿ, ಅದಕ್ಕೂ ಎರಡು ರೂಪಾಯಿ ಚೌಕಾಸಿ ಮಾಡುವ ಪೇಟೆಯ ನಾವು ಆ ಪಾಪದಲ್ಲಿ ಪಾಲುದಾರರಲ್ಲವೇ? ಭಾನುವಾರ ಅವನ ಪಕ್ಕದಲ್ಲೇ ಮೊಣಕಾಲೂರಿ ಪರಮಪ್ರಸಾದ ಸ್ವೀಕರಿಸುವವರು ನಾವು. ಆ ಪ್ರಸಾದದ ರೊಟ್ಟಿಯೂ ಯಾವುದೋ ಹೊಲದ ಗೋಧಿಯಿಂದಲೇ ಆದದ್ದು.

ಅವಸರದ ಕೊಡಲಿ ಬೇಡ

ಹಾಗೆಂದು ನಾಳೆಯೇ ಎಲ್ಲವನ್ನೂ ನಿಲ್ಲಿಸಿಬಿಡಿ ಎನ್ನುವುದೂ ವಿವೇಕವಲ್ಲ. 2021ರಲ್ಲಿ ನಮ್ಮ ನೆರೆಯ ಶ್ರೀಲಂಕಾ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತಾಗಿ ನಿಲ್ಲಿಸಿತು. ಭತ್ತದ ಇಳುವರಿ ಕುಸಿಯಿತು, ರೈತರು ಬೀದಿಗಿಳಿದರು, ಅದೇ ವರ್ಷದ ನವೆಂಬರಿನಲ್ಲಿ ಆಜ್ಞೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಗುರಿ ಒಳ್ಳೆಯದಿದ್ದರೂ ಮಣ್ಣಿಗೆ ಸಮಯ ಕೊಡಲಿಲ್ಲ. ನಮ್ಮ ದೇಶದ ಸಾವಯವ ನಿಯಮಗಳಲ್ಲಿ ವಾರ್ಷಿಕ ಬೆಳೆಗಳಿಗೆ ಎರಡು ವರ್ಷ, ಬಹುವಾರ್ಷಿಕ ಬೆಳೆಗಳಿಗೆ ಮೂರು ವರ್ಷ ಪರಿವರ್ತನೆಯ ಅವಧಿ ಎಂದಿದೆ. ಈ ಪರಿವರ್ತನೆ ಎಂಬ ಪದವನ್ನು ಗಮನಿಸಿ. ತಪಸ್ಸುಕಾಲದಲ್ಲಿ ನಾವು ಮನಸ್ಸಿಗೆ ಬಳಸುವ ಪದವನ್ನೇ ಅಧಿಕಾರಿಗಳು ಹೊಲಕ್ಕೆ ಬಳಸಿದ್ದಾರೆ.

ದೊಡ್ಡಬಳ್ಳಾಪುರದ ರೈತ ಎಲ್. ನಾರಾಯಣ ರೆಡ್ಡಿಯವರು ಮೊದಲು ರಾಸಾಯನಿಕ ಕೃಷಿಯನ್ನೇ ಮಾಡಿದವರು. ಖರ್ಚು ಏರುತ್ತ ಹೋದದ್ದನ್ನು ಕಂಡು ಸಾವಯವಕ್ಕೆ ತಿರುಗಿ, 2019ರಲ್ಲಿ ತೀರಿಕೊಳ್ಳುವವರೆಗೂ ಬಂದವರಿಗೆಲ್ಲ ಅದನ್ನು ಕಲಿಸಿದರು. ನಮ್ಮ ರಾಜ್ಯ ಸರ್ಕಾರ 2004ರಲ್ಲಿ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ಜಗತ್ತಿನ ಸಾವಯವ ಕೃಷಿಕರ ಒಕ್ಕೂಟ 2005ರಲ್ಲಿ ನಾಲ್ಕು ತತ್ವಗಳನ್ನು ಒಪ್ಪಿಕೊಂಡಿತು: ಆರೋಗ್ಯ, ಪರಿಸರ, ನ್ಯಾಯ, ಕಾಳಜಿ. ನಾಲ್ಕರಲ್ಲಿ ನ್ಯಾಯವೂ ಸೇರಿದೆ ಎಂಬುದು ನೆನಪಿರಲಿ. ರೈತನಿಗೆ ತಕ್ಕ ಬೆಲೆ ಸಿಗದಿದ್ದರೆ ಗೊಬ್ಬರ ಎಷ್ಟೇ ಶುದ್ಧವಿದ್ದರೂ ಆ ಕೃಷಿ ಶುದ್ಧವಲ್ಲ. ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ ಲೌದಾತೋ ಸೀ ವಿಶ್ವಪತ್ರದಲ್ಲಿ ಭೂಮಿಯ ಕೂಗು ಮತ್ತು ಬಡವರ ಕೂಗನ್ನು ಒಟ್ಟಿಗೆ ಆಲಿಸಬೇಕೆಂದು ಬೋಧಿಸಿದ್ದು ಇದಕ್ಕಾಗಿಯೇ.

ಈ ವಾರ ನಮ್ಮ ಕುಟುಂಬದಲ್ಲಿ

1. ಹಿತ್ತಿಲಿದ್ದವರು ಒಂದು ಗುಂಡಿ, ಇಲ್ಲದವರು ತೂತು ಮಾಡಿದ ಒಂದು ಹಳೆಯ ಡ್ರಮ್ಮು ಇಟ್ಟುಕೊಳ್ಳಿ. ಒಂದು ಪಾಲು ಅಡುಗೆಮನೆಯ ಹಸಿ ಕಸಕ್ಕೆ ಎರಡು ಮೂರು ಪಾಲು ಒಣ ಎಲೆ, ಒಂದು ಹಿಡಿ ಹಳೆಯ ಗೊಬ್ಬರ. ನಾತ ಬಂದರೆ ಒಣ ಎಲೆ ಸೇರಿಸಿ ಮಗುಚಿರಿ; ಒಣಗಿದರೆ ನೀರು ಚಿಮುಕಿಸಿರಿ. ಮಕ್ಕಳಿಗೆ ಆ ಕೆಲಸ ಒಪ್ಪಿಸಿ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಅವರಿಗೆ ಆಗ ಅರ್ಥವಾಗುತ್ತದೆ.

2. ಜಮೀನಿರುವವರು ಮೊದಲು ಒಂದು ಮೂಲೆಯನ್ನು ಆರಿಸಿಕೊಳ್ಳಿ. ಮನೆಗೆಂದು ಬೆಳೆಯುವ ಆ ಒಂದು ಸಾಲನ್ನು ಮುಂದಿನ ವರ್ಷ ಎರಡು ಮಾಡಿ, ಎರಡನೆಯದನ್ನು ಮಾರಾಟಕ್ಕಿಡಿ. ನೆರೆಯವರನ್ನು ಪ್ರೀತಿಸುವುದು ಒಂದು ಸಾಲಿನಿಂದ ಆರಂಭವಾಗಲಿ.

3. ಕೊಳ್ಳುವವರು ಚುಕ್ಕೆಯಿರುವ ತರಕಾರಿಯನ್ನು ಹೀಗಳೆಯಬೇಡಿ. ನಿಮ್ಮ ಧರ್ಮಕೇಂದ್ರದಲ್ಲೇ ವಿಷವಿಲ್ಲದೆ ಬೆಳೆಯುವವರಿದ್ದರೆ ಅವರಿಂದ ಕೊಳ್ಳಿ, ಚೌಕಾಸಿ ಮಾಡದೆ ಕೊಳ್ಳಿ.

4. ಬಲಿಪೀಠದ ಹೂಗಳು, ಸಮಾಧಿಗಳ ಮೇಲಿನ ಹೂಹಾರಗಳು, ಹಬ್ಬದ ಊಟದ ಎಲೆಗಳು ಕಸದ ಲಾರಿಗೆ ಹೋಗುವ ಬದಲು ದೇವಾಲಯದ ಆವರಣದ ಒಂದು ಗುಂಡಿಗೆ ಹೋಗಲಿ. ಯುವಜನರು ಇದರ ಹೊಣೆ ಹೊತ್ತುಕೊಂಡರೆ ಚೆನ್ನ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುವ ಕರಾವಳಿಯ ಬಂಧುಗಳು, ಆ ತೆನೆ ಯಾವ ಮಣ್ಣಿನಿಂದ ಬಂತೆಂದು ಆ ದಿನ ಮಕ್ಕಳಿಗೆ ಹೇಳಲಿ.

ಸಾಮತಿಯ ಕೊನೆಯಲ್ಲಿ ಆ ಮರ ಹಣ್ಣು ಬಿಟ್ಟಿತೇ ಎಂದು ಸಂತ ಲೂಕರು ಬರೆದಿಲ್ಲ. ತೋಟಗಾರ ಒಂದು ವರ್ಷದ ಗಡುವು ಕೇಳಿಕೊಂಡಲ್ಲಿಗೆ ನಾವು ಕೇಳುವ ಮಾತು ನಿಲ್ಲುತ್ತದೆ. ಉತ್ತರವನ್ನು ನಮ್ಮ ಮನೆ, ನಮ್ಮ ಹೊಲ, ನಮ್ಮ ಧರ್ಮಕೇಂದ್ರ ಬರೆಯಬೇಕು. ಕೊಡಲಿಯ ಮುಂದೆ ನಿಂತು ನಮಗಾಗಿ ಬೇಡಿಕೊಂಡ ಆ ತೋಟಗಾರ ಯಾರೆಂದು ನಮಗೆ ಗೊತ್ತು. ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಾ ಅವರನ್ನು ಕಂಡು ತೋಟದ ಮಾಲಿಯೆಂದೇ ತಿಳಿದಳು (ಯೊವಾನ್ನ 20:15). ಆಕೆ ಪೂರ್ತಿ ತಪ್ಪು ತಿಳಿದಿರಲಿಲ್ಲ.

ಪ್ರಾರ್ಥಿಸೋಣ: ಪ್ರಭುವೇ, ನಮ್ಮ ತೋಟಗಾರನೇ, ಗಟ್ಟಿಯಾದ ನಮ್ಮ ಮನಸ್ಸಿನ ನೆಲವನ್ನು ಅಗೆದು ಸಡಿಲಗೊಳಿಸು. ನಾವು ಬೇಡವೆಂದು ಎಸೆದದ್ದನ್ನೂ ನಿನ್ನ ಕೈಯಲ್ಲಿ ಸಾರವಾಗಿ ಮಾರ್ಪಡಿಸು. ಅನ್ನ ಬೆಳೆಯುವವರ ಸಾಲದ ಹೊರೆಯನ್ನು ಇಳಿಸು, ಅನ್ನ ಉಣ್ಣುವವರಿಗೆ ನ್ಯಾಯಬುದ್ಧಿ ಕೊಡು. ನೀನು ಬೇಡಿ ತಂದ ಈ ಒಂದು ವರ್ಷ ವ್ಯರ್ಥವಾಗದಿರಲಿ. ಆಮೆನ್.